ಇಳಕಲ್ ಸೀರೆಗಳ ಮೊದಲ ಆನ್‌ಲೈನ್ ಅಂಗಡಿ: ಬಾಗಿಲು ತೆರೆಯುವ ಮುನ್ನ ಏನೇನು ಸಿದ್ಧವಿರಬೇಕು?

ಧಾರವಾಡದ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತವರು ಇಳಕಲ್. ಮದುವೆಯಾಗಿ ಧಾರವಾಡಕ್ಕೆ ಬಂದು ಹನ್ನೆರಡು ವರ್ಷಗಳಾದವು. ಚಿಕ್ಕಪ್ಪನ ಮನೆಯಲ್ಲಿ ಈಗಲೂ ಎರಡು ಕುಣಿಮಗ್ಗಗಳು ನಡೆಯುತ್ತಿವೆ. ಅದೇ ಓಣಿಯ ಇನ್ನೂ ಐದಾರು ನೇಕಾರ ಕುಟುಂಬಗಳು ಚಿಕ್ಕಂದಿನಿಂದ ಪರಿಚಿತವಾದವು. ಮೂರು ವರ್ಷಗಳಿಂದ ಅವರಲ್ಲಿ ಸೀರೆ ಕೊಂಡು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೊ ಹಾಕಿ ಮಾರುತ್ತಿದ್ದೇನೆ. ತಿಂಗಳಿಗೆ ಹದಿನೈದರಿಂದ ಇಪ್ಪತ್ತು ಸೀರೆಗಳು ಹೋಗುತ್ತವೆ. ಕೊಳ್ಳುವವರಲ್ಲಿ ಅರ್ಧದಷ್ಟು ಜನ ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನವರು. ಉಳಿದವರು ಪುಣೆ, ಸೊಲ್ಲಾಪುರ, ಕೊಲ್ಹಾಪುರದ ಕಡೆಯವರು. ಖಣದ ಬಟ್ಟೆಯಿಂದ ಹೊಲಿಸಿದ ಸಿದ್ಧ ಕುಪ್ಪಸಗಳನ್ನೂ ಸ್ವಲ್ಪ ಇಟ್ಟುಕೊಂಡಿದ್ದೇನೆ.

ಈಗ ನನ್ನದೇ ಒಂದು ಆನ್‌ಲೈನ್ ಅಂಗಡಿ ತೆರೆಯಬೇಕೆಂದಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸೀರೆಯ ಬಗ್ಗೆ ಇಪ್ಪತ್ತು ಜನರಿಗೆ ಇಪ್ಪತ್ತು ಸಲ ಉತ್ತರಿಸುವುದು, ಯಾರು ದುಡ್ಡು ಹಾಕಿದರು, ಯಾರು ಬರೀ 'ನನಗೇ ಇಡಿ' ಎಂದರು ಎಂಬುದನ್ನು ರಾತ್ರಿ ಹನ್ನೊಂದಕ್ಕೆ ಕುಳಿತು ಹೊಂದಿಸುವುದು, ಇವೆರಡೂ ಸಾಕಾಗಿ ಹೋಗಿವೆ. ನವರಾತ್ರಿಗೆ ಹನ್ನೊಂದು ವಾರಗಳಿವೆ. ಅದಕ್ಕೂ ಮೊದಲು ತೆರೆಯುವ ಆಸೆ.

ನನ್ನ ಸಂದೇಹಗಳು ಇವು. ವೆಬ್‌ಸೈಟ್ ಮಾಡಿಕೊಡುವವರೊಬ್ಬರು 65,000 ರೂಪಾಯಿ ಕೇಳಿದ್ದಾರೆ. ಅದು ಸರಿಯಾದ ಖರ್ಚೇ? ಮನೆಯಲ್ಲಿರುವ 120 ಸೀರೆಗಳನ್ನೂ ಒಟ್ಟಿಗೆ ಹಾಕಬೇಕೇ? ನನ್ನಷ್ಟು ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ಬೇಕೇ? ಸೀರೆ ಕೈಗೆ ಬಂದ ಮೇಲೆ ಹಣ ಕೊಡುವ ಸಿಒಡಿ ವ್ಯವಸ್ಥೆ ಇಡಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಬೊಂಬೆ ಅಂಗಡಿ, ಚನ್ನಪಟ್ಟಣ

ನಾನು ಚನ್ನಪಟ್ಟಣದ ಮರದ ಆಟಿಕೆಗಳನ್ನು ಆರು ವರ್ಷಗಳಿಂದ ಆನ್‌ಲೈನಿನಲ್ಲಿ ಮಾರುತ್ತಿದ್ದೇನೆ. ವಸ್ತು ಬೇರೆಯಾದರೂ ಪೆಟ್ಟುಗಳು ಒಂದೇ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

65,000 ರೂಪಾಯಿಯ ವಿಷಯ ಮೊದಲು. ತಿಂಗಳಿಗೆ ಇಪ್ಪತ್ತು ಸೀರೆ ಮಾರುವ ಅಂಗಡಿಗೆ ಹೊಸದಾಗಿ ವೆಬ್‌ಸೈಟ್ ಬರೆಸುವ ಅಗತ್ಯವೇ ಇಲ್ಲ. ಶಾಪಿಫೈನಂಥ ಸಿದ್ಧ ವೇದಿಕೆಗೆ ತಿಂಗಳ ಬಾಡಿಗೆ ಕೊಟ್ಟರೆ ಅಂಗಡಿ ಒಂದು ವಾರಾಂತ್ಯದಲ್ಲಿ ನಿಲ್ಲುತ್ತದೆ. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ತಂತ್ರಾಂಶದ ಮೇಲೆ ವೂಕಾಮರ್ಸ್ ಎಂಬ ಅಂಗಡಿ ಜೋಡಣೆ ಹಾಕಿಕೊಂಡರೆ ತಂತ್ರಾಂಶಕ್ಕೆ ಹಣವಿಲ್ಲ, ಆದರೆ ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಸರ್ವರಿನ ಬಾಡಿಗೆ) ನಿಮ್ಮದು, ಅಪ್‌ಡೇಟ್ ನಿಮ್ಮದು, ಹಬ್ಬದ ಹಿಂದಿನ ರಾತ್ರಿ ಕೆಟ್ಟು ನಿಂತರೆ ತಲೆನೋವೂ ನಿಮ್ಮದೇ. ಯಾರಿಂದ ಮಾಡಿಸಿದರೂ ಡೊಮೇನ್ ಹೆಸರನ್ನು, ಅಂದರೆ ಅಂಗಡಿಯ ವೆಬ್ ವಿಳಾಸವನ್ನು ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಿಂದ, ನಿಮ್ಮ ಕಾರ್ಡಿನಿಂದಲೇ ಕೊಳ್ಳಿರಿ. ನಮ್ಮ ಮೊದಲ ಡೊಮೇನನ್ನು ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ಕೊಂಡಿದ್ದರು. ಎರಡನೆಯ ವರ್ಷ ಅವರು ಫೋನ್ ಎತ್ತುವುದನ್ನು ನಿಲ್ಲಿಸಿದಾಗ ಚೀಲ, ಪೆಟ್ಟಿಗೆ, ಕಾರ್ಡುಗಳ ಮೇಲೆಲ್ಲ ಮುದ್ರಿಸಿದ್ದ ಆ ಹೆಸರನ್ನು ಬಿಟ್ಟು ಬೇರೆ ಹೆಸರು ಹುಡುಕಬೇಕಾಯಿತು.

ಎರಡನೆಯದಾಗಿ, 120 ಸೀರೆಗಳನ್ನು ಹಾಕಬೇಡಿರಿ, ಮೂವತ್ತರಿಂದ ಆರಂಭಿಸಿರಿ. ನಿಮ್ಮ ಪ್ರತಿಯೊಂದು ಸೀರೆಯೂ ಒಂದೇ ಒಂದು; ಆಟಿಕೆಯಂತೆ ಐವತ್ತು ಕಟ್ಟಿಡುವುದಲ್ಲ. ಅದೇ ಸೀರೆ ವೆಬ್‌ಸೈಟಿನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಇದ್ದರೆ ಮೊದಲ ವಾರದಲ್ಲೇ ಒಂದು ಸೀರೆಗೆ ಇಬ್ಬರು ಹಣ ಹಾಕುತ್ತಾರೆ. ಪ್ರತಿ ಸೀರೆಗೆ ಚೀಟಿ ಕಟ್ಟಿ, ಸಂಖ್ಯೆ ಬರೆದು, ವೆಬ್‌ಸೈಟಿಗೆ ಹೋದ ಸಂಖ್ಯೆಗಳನ್ನು ಬೇರೆಯೇ ಕಪಾಟಿನಲ್ಲಿಡಿ. ವಾಟ್ಸ್‌ಆ್ಯಪ್‌ನಲ್ಲಿ ಅವುಗಳನ್ನು ಕೇಳಿದವರಿಗೂ ವೆಬ್‌ಸೈಟಿನ ಕೊಂಡಿಯನ್ನೇ ಕಳಿಸಿ.

ಇನ್ನು ಪಾರ್ಸೆಲ್. ಹೊಸಬರು ಅಂದಾಜು ತಪ್ಪುವುದೇ ಇಲ್ಲಿ. ಕೊರಿಯರಿನವರು ನಿಜವಾದ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ಗಾತ್ರದ ತೂಕವನ್ನೂ ನೋಡಿ, ಎರಡರಲ್ಲಿ ಹೆಚ್ಚಾದುದಕ್ಕೆ ಹಣ ಹಿಡಿಯುತ್ತಾರೆ. ಹೆಚ್ಚಿನ ಕಡೆ ದರ ಏರುವುದು ಅರ್ಧ ಕಿಲೋದ ಮೆಟ್ಟಿಲುಗಳಲ್ಲಿ. ಅಂದವಾಗಿರಲೆಂದು ನೀವು 35, 28, 8 ಸೆಂಟಿಮೀಟರಿನ ಪೆಟ್ಟಿಗೆ ಮಾಡಿಸಿದಿರೆಂದುಕೊಳ್ಳಿ. 7,840ನ್ನು 5,000ದಿಂದ ಭಾಗಿಸಿದರೆ 1.57 ಕಿಲೋ, ಅಂದರೆ ಅರ್ಧ ಕಿಲೋ ಸೀರೆಗೆ ಎರಡು ಕಿಲೋದ ದರ. ಅದೇ ಸೀರೆಯನ್ನು ತೆಳು ಮಲ್ ಬಟ್ಟೆಯ ಚೀಲದಲ್ಲಿಟ್ಟು, ಮೇಲೆ ನೀರು ತಾಗದ ಕೊರಿಯರ್ ಕವರ್ ಹಾಕಿ 30, 24, 4ಕ್ಕೆ ಇಳಿಸಿದರೆ 0.58 ಕಿಲೋ, ಒಂದು ಕಿಲೋದ ದರದಲ್ಲಿ ಮುಗಿಯುತ್ತದೆ. ಆದ್ದರಿಂದ ಪೆಟ್ಟಿಗೆ ಮುದ್ರಣಕ್ಕೆ ಕೊಡುವ ಮೊದಲು ಒಂದು ಅಡುಗೆ ತಕ್ಕಡಿ, ಒಂದು ಟೇಪು ಇಟ್ಟುಕೊಂಡು ಕುಳಿತುಕೊಳ್ಳಿರಿ. ನಾವು ಈ ಲೆಕ್ಕ ತಿಳಿಯದೆ ಮುದ್ರಿಸಿದ ಐನೂರು ಪೆಟ್ಟಿಗೆಗಳಲ್ಲಿ ಈಗ ಮಕ್ಕಳ ಹಳೆಯ ಪುಸ್ತಕಗಳಿವೆ.

ಸಿಒಡಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಮೊದಲ ದೀಪಾವಳಿಗೆ ಕಳಿಸಿದ 31 ಸಿಒಡಿ ಪಾರ್ಸೆಲ್‌ಗಳಲ್ಲಿ 9 ಮರಳಿ ಬಂದವು. ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ. ಹಬ್ಬ ಕಳೆದ ಮೇಲೆ ಬಂದ ವಸ್ತು ಮತ್ತೆ ಮಾರಾಟವಾದದ್ದು ಬೇಸಿಗೆಗೆ.

ಲೆಕ್ಕಪತ್ರ, ಹುಬ್ಬಳ್ಳಿ

ತೆರಿಗೆ ಸಲಹೆ ನನ್ನ ವೃತ್ತಿ. ಆ ಭಾಗಕ್ಕಷ್ಟೇ ಉತ್ತರಿಸುತ್ತೇನೆ.

ತಂಗಿ, ಜಿಎಸ್‌ಟಿ ಪ್ರಶ್ನೆ ನೀವು ವೆಬ್‌ಸೈಟ್ ತೆರೆಯುವ ದಿನ ಹುಟ್ಟುವುದಲ್ಲ. ಪುಣೆಗೆ ಮೊದಲ ಸೀರೆ ಕಳಿಸಿದ ದಿನವೇ ಹುಟ್ಟಿಯಾಗಿದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ ಎಂಬುದು ನಿಜ. ಆದರೆ ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ವಹಿವಾಟು ಎಷ್ಟೇ ಸಣ್ಣದಿದ್ದರೂ, ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಕಲಮಿನ ಪ್ರಕಾರ ನೋಂದಾಯಿಸಿಕೊಳ್ಳಬೇಕು. ಪಟ್ಟಿಯಲ್ಲಿ ಸೇರಿದ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ಒಂದು ವಿನಾಯಿತಿ ಇದೆ. ಅದನ್ನು ಬಳಸಬೇಕೆಂದರೆ ಪ್ಯಾನ್ ಇರಬೇಕು, ಬೆಲೆ ಎಷ್ಟೇ ಇರಲಿ ಹೊರರಾಜ್ಯಕ್ಕೆ ಹೋಗುವ ಪ್ರತಿ ರವಾನೆಗೂ ಇ-ವೇ ಬಿಲ್ (ಸರಕು ಸಾಗಣೆಗೆ ಸರ್ಕಾರದ ತಾಣದಲ್ಲಿ ಮಾಡುವ ಚೀಟಿ) ಮಾಡಬೇಕು. ಒಂದೊಂದು ಸೀರೆಯ ಕೊರಿಯರಿಗೆ ಹಾಗೆ ಮಾಡುತ್ತ ಕೂರುವುದಕ್ಕಿಂತ ನೋಂದಣಿ ಮಾಡಿಸಿಕೊಳ್ಳುವುದೇ ನೆಮ್ಮದಿ ಎಂದು ನಾನು ನನ್ನಲ್ಲಿಗೆ ಬರುವವರಿಗೆ ಹೇಳುತ್ತೇನೆ. ಕಾಂಪೊಸಿಷನ್ ಯೋಜನೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದು ನಿಗದಿತ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಸುಲಭವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ಅದರಲ್ಲಿ ಸೇರಿದವರು ಹೊರರಾಜ್ಯಕ್ಕೆ ಮಾರುವಂತಿಲ್ಲ.

ಮುಂದೆ ದೊಡ್ಡ ಮಾರಾಟ ತಾಣಗಳಲ್ಲಿ ಸೇರುವ ಯೋಚನೆ ಬಂದರೂ ಇದೇ ಮಾತು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣವರೂ ಅಂಥ ತಾಣಗಳ ಮೂಲಕ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ.

ನೋಂದಣಿಯಾದ ಮೇಲೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಆಯ್ಕೆ ನಿಮಗೆ ಸಿಗುತ್ತದೆ. ಮಾರಾಟವಿಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು. ಮರೆತರೆ ದಿನದ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಮನೆ ಮಾವನವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಹಾಗೂ ವಿದ್ಯುತ್ ಬಿಲ್ಲನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಅರ್ಜಿಗಳು ಮರಳಿ ಬರುವುದು ಹೆಚ್ಚಾಗಿ ಈ ವಿಳಾಸದ ಪುರಾವೆಯಲ್ಲೇ. ಸಣ್ಣ ಉದ್ದಿಮೆಗಳಿಗೆಂದು ಇರುವ 'ಉದ್ಯಮ' ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ, ಶುಲ್ಕ ಕೇಳುವ ತಾಣ ತೆರೆದುಕೊಂಡರೆ ಅದು ಸರ್ಕಾರದ್ದಲ್ಲ. ಆ ಪತ್ರ ಕೈಗೆ ಬಂದರೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆಯುವುದಕ್ಕೂ ಅನುಕೂಲ.

ದರದ ವಿಷಯಕ್ಕೆ ಬಂದರೆ, ಸೀರೆಗೆ ಶೇಕಡಾ 5. ಹೊಲಿದ ಕುಪ್ಪಸ ಸಿದ್ಧ ಉಡುಪು; 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ 2,500 ರೂಪಾಯಿಯವರೆಗಿನ ಸಿದ್ಧ ಉಡುಪಿಗೂ ಶೇಕಡಾ 5, ಅದಕ್ಕಿಂತ ಮೇಲಿನದಕ್ಕೆ 18. ನಿಮ್ಮ ಕುಪ್ಪಸಗಳು ಆ ಬೆಲೆ ಮುಟ್ಟಲಾರವು.

ಈಗ ಒಂದು ಸೀರೆಯ ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ವಾಟ್ಸ್‌ಆ್ಯಪ್ ವ್ಯಾಪಾರದಲ್ಲಿ ಕಾಣಿಸದ ಖರ್ಚುಗಳು ಇಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ. ನೇಕಾರರಿಗೆ 2,350 ರೂಪಾಯಿ ಕೊಟ್ಟ ಸೀರೆಯನ್ನು ತೆರಿಗೆಯೂ ಸೇರಿ 3,200ಕ್ಕೆ ಇಟ್ಟಿರೆನ್ನೋಣ. ಅದರೊಳಗಿನ ಜಿಎಸ್‌ಟಿ 152 ರೂಪಾಯಿ 38 ಪೈಸೆ. ಪೇಮೆಂಟ್ ಗೇಟ್‌ವೇ (ಗಿರಾಕಿಯ ಆನ್‌ಲೈನ್ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಸೇವೆ) ಶೇಕಡಾ 2 ಹಾಗೂ ಅದರ ಮೇಲೆ ಶೇಕಡಾ 18 ತೆರಿಗೆ ಹಿಡಿದರೆ 75 ರೂಪಾಯಿ 52 ಪೈಸೆ. ಕೊರಿಯರಿಗೆ 110, ಚೀಲ, ಕವರು, ಚೀಟಿಗೆ 35 ಎಂದು ಹಿಡಿಯಿರಿ. ಉಳಿದದ್ದು 477 ರೂಪಾಯಿ. ಇದರಲ್ಲಿ ನಿಮ್ಮ ದುಡಿಮೆ, ವೇದಿಕೆಯ ಬಾಡಿಗೆ, ಫೋಟೊ, ಜಾಹೀರಾತು ಎಲ್ಲ ಬರಬೇಕು. ಜಿಎಸ್‌ಟಿ ನೋಂದಣಿಯಿಲ್ಲದ ನೇಕಾರರಿಂದ ಕೊಂಡಾಗ ಕೊಳ್ಳುವಿಕೆಯ ಮೇಲೆ ತೆರಿಗೆ ಜಮೆ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದುದರಲ್ಲಿ ಕಳೆಯುವ ಅನುಕೂಲ) ಸಿಗುವುದಿಲ್ಲ, ಆದ್ದರಿಂದ ಆ 152 ರೂಪಾಯಿಯ ಹೆಚ್ಚಿನ ಭಾಗ ನಿಮ್ಮ ಕೈಯಿಂದಲೇ ಹೋಗುತ್ತದೆ. ಗೇಟ್‌ವೇಗೆ ಕಟ್ಟಿದ ತೆರಿಗೆಯ ಹನ್ನೊಂದೂವರೆ ರೂಪಾಯಿಯಂಥ ಸಣ್ಣ ಮೊತ್ತಗಳನ್ನು ಅದರಿಂದ ಕಳೆದು ಉಳಿದದ್ದನ್ನು ಕಟ್ಟಬಹುದು. ಬೆಲೆ ನಿಗದಿ ಮಾಡುವ ಮುನ್ನ ಹತ್ತು ಸೀರೆಗಳಿಗಾದರೂ ಹೀಗೆ ಲೆಕ್ಕ ಹಾಕಿರಿ. ನೇಕಾರರ ಬೆಲೆ ಇಳಿಸುವುದು ಇದಕ್ಕೆ ಪರಿಹಾರವಲ್ಲ ಎಂಬುದನ್ನು ನೇಕಾರರ ಮಗಳಿಗೆ ನಾನು ಹೇಳಬೇಕಿಲ್ಲ.

ಗೇಟ್‌ವೇ ಖಾತೆಗೆ ಅರ್ಜಿ ಹಾಕುವ ಹೊತ್ತಿಗೆ ವೆಬ್‌ಸೈಟಿನಲ್ಲಿ ಸಂಪರ್ಕ ವಿಳಾಸ, ಹಿಂದಿರುಗಿಸುವ ನಿಯಮ, ರವಾನೆಯ ನಿಯಮ, ಖಾಸಗಿತನದ ನೀತಿ, ಷರತ್ತುಗಳು, ಇಷ್ಟೂ ಪುಟಗಳು ಇರಬೇಕು. ಇವಿಲ್ಲದೆ ಪರಿಶೀಲನೆ ಮುಂದೆ ಸಾಗುವುದಿಲ್ಲ. ಯುಪಿಐ ಪಾವತಿಗೆ 2020ರ ಜನವರಿಯಿಂದ ಎಂಡಿಆರ್ (ಪಾವತಿ ಪಡೆಯುವ ಅಂಗಡಿಯವರಿಂದ ಬ್ಯಾಂಕುಗಳು ಹಿಡಿಯುವ) ಶುಲ್ಕವಿಲ್ಲದಿದ್ದರೂ ಗೇಟ್‌ವೇಗಳು ತಮ್ಮ ಸೇವೆಗೆಂದು ಬೇರೆ ಹಣ ಹಿಡಿಯಬಹುದು. ಒಪ್ಪಂದದ ಆ ಸಾಲನ್ನು ಓದಿಯೇ ಒಪ್ಪಿಗೆ ಒತ್ತಿರಿ.

ಮಗ್ಗದ ಸದ್ದು, ಇಳಕಲ್

ನಮ್ಮದು ನೇಯುವ ಮನೆ. ನಾನು ಈಗ ಫೋಟೊ ತೆಗೆಯುವ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ಹಿರಿಯರು ಪೆಟ್ಟಿಗೆಯ ಹೊರಗಿನದನ್ನೆಲ್ಲ ಹೇಳಿದ್ದಾರೆ. ಸೀರೆಯ ಬಗ್ಗೆ ಏನು ಬರೆಯಬೇಕೆಂಬುದನ್ನು ಯಾರೂ ಹೇಳಲಿಲ್ಲ. ಅಂಗಡಿ ತೆರೆಯುವ ಸಿದ್ಧತೆಯಲ್ಲಿ ಅತಿ ಹೆಚ್ಚು ದಿನ ಬೇಡುವ ಕೆಲಸ ಅದೇ.

ಇಳಕಲ್ ಸೀರೆಯ ಒಡಲು, ಸೆರಗು ಬೇರೆ ಬೇರೆ ಹಾಸಿನವು (ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು). ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸಿ ನೇಯುವುದನ್ನು ನಾವು ತೋಪು ತೆನೆ ಎನ್ನುತ್ತೇವೆ. ಆ ಜೋಡಣೆಯ ಗೆರೆ ಸೀರೆಯ ಹಿಂಬದಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಬೆರಳಿಗೆ ತಟ್ಟುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಕೊಳ್ಳುವಾಗ ಮೊದಲು ತಿರುಗಿಸಿ ನೋಡುವುದೇ ಅದನ್ನು. ಆದರೆ ಜೀವನದಲ್ಲಿ ಮೊದಲ ಸಲ ಇಳಕಲ್ ಕೊಳ್ಳುವವರಿಗೆ ಅದು ಹರಿದು ಹೊಲಿದ ಗುರುತಿನಂತೆ ಕಾಣುತ್ತದೆ. ಆದ್ದರಿಂದ ಆ ಗೆರೆಯ ಹತ್ತಿರದ ಫೋಟೊ ಒಂದನ್ನು ಪ್ರತಿ ಸೀರೆಯ ಪುಟದಲ್ಲೂ ಹಾಕಿ, ಕೆಳಗೆ ಎರಡು ಸಾಲು ವಿವರಣೆ ಬರೆಯಿರಿ.

ಬಣ್ಣದ ದೂರು ಇನ್ನೊಂದು. ದಾಳಿಂಬೆ ಕೆಂಪು ಸೆರಗು ಫೋನಿನಲ್ಲಿ ಗುಲಾಬಿಗೆ ತಿರುಗುತ್ತದೆ, ಅದರಲ್ಲೂ ರೇಷ್ಮೆ ಅಥವಾ ಕೃತಕ ರೇಷ್ಮೆಯ ಸೆರಗಾದರೆ ಹೊಳಪು ಬಣ್ಣವನ್ನೇ ನುಂಗುತ್ತದೆ. ಬೆಳಗಿನ ಹತ್ತರ ಸುಮಾರಿಗೆ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ, ಟ್ಯೂಬ್‌ಲೈಟ್ ಆರಿಸಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮೊದಲ ಫೋಟೊದಲ್ಲಿ ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಡಿ. ಹಾಳೆ ಬಿಳಿಯಾಗಿ ಕಾಣುವವರೆಗೆ ಫೋನಿನ ಬಣ್ಣವನ್ನು ಹೊಂದಿಸಿಕೊಂಡು, ಅದೇ ಹೊಂದಿಕೆಯಲ್ಲಿ ಉಳಿದವನ್ನೂ ತೆಗೆಯಿರಿ. ಆಮೇಲೆ ಫಿಲ್ಟರ್ ಹಾಕಿದರೆ ಈ ಶ್ರಮವೆಲ್ಲ ವ್ಯರ್ಥ.

ವಿವರಣೆಯಲ್ಲಿ ಒಡಲಿನ ನೂಲು ಯಾವುದು, ಸೆರಗಿನ ನೂಲು ಯಾವುದು ಎಂದು ಬಿಡಿಸಿ ಬರೆಯಿರಿ. ಕೃತಕ ರೇಷ್ಮೆಯನ್ನು ಬರೀ 'ಸಿಲ್ಕ್' ಎಂದು ಬರೆದು ಮಾರುವವರು ನಮ್ಮ ಊರಿನ ಹೆಸರನ್ನು ಸಾಕಷ್ಟು ಕೆಡಿಸಿದ್ದಾರೆ. ದಡಿ ಗೋಮಿಯೋ, ಚಿಕ್ಕಿಯೋ ಎಂಬ ಹೆಸರು ಹಾಕಿ. ಹುಡುಕುವವರು ಅದೇ ಹೆಸರಿನಿಂದ ಹುಡುಕುತ್ತಾರೆ. ಉದ್ದವನ್ನು ಮೀಟರಿನಲ್ಲಿ, ಕುಪ್ಪಸದ ಬಟ್ಟೆ ಸೇರಿದೆಯೋ ಇಲ್ಲವೋ ಎಂಬುದರ ಸಮೇತ ತಿಳಿಸಿ. ಪವರ್‌ಲೂಮ್ ಸೀರೆಯನ್ನೂ ಇಡುವಿರಾದರೆ ಹಾಗೆಂದೇ ಬರೆದು ಇಡಿ, ಅದರಲ್ಲಿ ಅವಮಾನವೇನಿಲ್ಲ. ಕೈಮಗ್ಗದ್ದೆಂದು ಬರೆಯುವುದು ಅಪರಾಧ. ಜಿಐ ಚಿಹ್ನೆಯ ಬಗ್ಗೆ ಒಂದು ಎಚ್ಚರಿಕೆ: ಇಳಕಲ್ ಸೀರೆಗೆ ಭೌಗೋಳಿಕ ಗುರುತು ಇದೆಯೆಂದ ಮಾತ್ರಕ್ಕೆ ಮಾರುವವರೆಲ್ಲ ಆ ಚಿಹ್ನೆ ಹಾಕುವಂತಿಲ್ಲ, ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ನಿಮ್ಮ ಚಿಕ್ಕಪ್ಪನವರು ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳಿ ನೋಡಿ.

ಜೋಳದ ರೊಟ್ಟಿ, ಕಲಬುರಗಿ

ಬೊಂಬೆ ಅಂಗಡಿಯವರ ಸಿಒಡಿ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ರೊಟ್ಟಿ, ಶೇಂಗಾ ಹಿಂಡಿ ಮಾರುತ್ತೇನೆ. ಹೆಸರೇ ಕೇಳದ ಅಂಗಡಿಗೆ ಮೂರು ಸಾವಿರ ರೂಪಾಯಿ ಮುಂಗಡ ಹಾಕಲು ನಮ್ಮ ಕಡೆಯ ಜನ ಹಿಂಜರಿಯುತ್ತಾರೆ. ಅದು ಅವರ ತಪ್ಪಲ್ಲ, ಅಷ್ಟು ಮೋಸಗಳು ನಡೆದಿವೆ. ನಾನು ಮಾಡುವುದೇನೆಂದರೆ, ಆರ್ಡರ್ ಬಂದ ಕೂಡಲೇ ಫೋನ್ ಮಾಡಿ ಮಾತಾಡುತ್ತೇನೆ, ಇನ್ನೂರು ರೂಪಾಯಿ ಮುಂಗಡ ಯುಪಿಐನಲ್ಲಿ ಹಾಕಿಸಿಕೊಳ್ಳುತ್ತೇನೆ, ಉಳಿದದ್ದಕ್ಕೆ ಸಿಒಡಿ. ಇನ್ನೂರು ಹಾಕಿದವರು ಪಾರ್ಸೆಲ್ ಬೇಡವೆನ್ನುವುದು ಅಪರೂಪ. ಆ ಇನ್ನೂರು ಯಾವಾಗ ಮರಳಿ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂಬುದನ್ನು ಹಣ ಹಾಕುವ ಮೊದಲೇ ಕಾಣುವಂತೆ ಬರೆದಿರುತ್ತೇನೆ.

ಇನ್ನೊಂದು ವಿಷಯ. ಇ-ವಾಣಿಜ್ಯಕ್ಕೆ 2020ರ ಗ್ರಾಹಕ ಸಂರಕ್ಷಣಾ ನಿಯಮಗಳಿವೆ. ಮಾರುವವರ ಪೂರ್ಣ ಹೆಸರು, ವಿಳಾಸ, ದೂರು ಆಲಿಸುವವರ ಹೆಸರು ಹಾಗೂ ಸಂಪರ್ಕ ತಾಣದಲ್ಲಿರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಆ ಹೆಸರು ನಿಮ್ಮದೇ ಆಗಿರುತ್ತದೆ. ಮನೆಯ ವಿಳಾಸ ಹಾಕಲು ನನಗೂ ಮೊದಲು ಅಳುಕಿತ್ತು. ಹಾಕಿದ ಮೇಲೆ ಜನರ ನಂಬಿಕೆಯೂ ಹೆಚ್ಚಿತು.

ಧಾರವಾಡದ ಸೊಸೆ (ಹದಿನೆಂಟು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ನಡೆದಿರುವುದನ್ನು ತಿಳಿಸುತ್ತೇನೆ. 65,000ದ ಮಾತನ್ನು ಕೈಬಿಟ್ಟು ಸಿದ್ಧ ವೇದಿಕೆಯಲ್ಲೇ ಆರಂಭಿಸಿದ್ದೇನೆ. ಡೊಮೇನ್ ನನ್ನ ಹೆಸರಿನಲ್ಲಿದೆ. ಜಿಎಸ್‌ಟಿ ಅರ್ಜಿ ಒಮ್ಮೆ ಮರಳಿ ಬಂತು, ಲೆಕ್ಕಪತ್ರದವರು ಹೇಳಿದ್ದ ಒಪ್ಪಿಗೆ ಪತ್ರಕ್ಕೆ ಮಾವನವರ ಸಹಿ ಹಾಕಿಸುವುದನ್ನೇ ನಾನು ಮರೆತಿದ್ದೆ. ಹತ್ತು ಸೀರೆಗಳ ಲೆಕ್ಕ ಹಾಕಿದಾಗ ಅವುಗಳಲ್ಲಿ ಮೂರನ್ನು ನಾನು ಇಷ್ಟು ದಿನ ಹೆಚ್ಚೂಕಡಿಮೆ ಲಾಭವಿಲ್ಲದೆ ಮಾರುತ್ತಿದ್ದೆನೆಂಬುದು ಗೊತ್ತಾಯಿತು. ಸಿಒಡಿಯನ್ನು ಕರ್ನಾಟಕದೊಳಗೆ ಮಾತ್ರ, ಮುನ್ನೂರು ರೂಪಾಯಿ ಮುಂಗಡದೊಂದಿಗೆ ಇಡಲು ನಿರ್ಧರಿಸಿದ್ದೇನೆ.

ಫಾಲ್ ಹಚ್ಚಿಸಿ ಕಳಿಸುವಿರಾ ಎಂದು ಹಳೆಯ ಗಿರಾಕಿಗಳು ಕೇಳುತ್ತಿದ್ದಾರೆ. ಹಚ್ಚಿಸಿ ಕೊಡುತ್ತೇನೆ, ಆದರೆ ಫಾಲ್ ಹಚ್ಚಿದ ಅಥವಾ ಕುಪ್ಪಸದ ಬಟ್ಟೆ ಕತ್ತರಿಸಿದ ಸೀರೆಯನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂದು ಆ ಆಯ್ಕೆಯ ಪಕ್ಕದಲ್ಲೇ ಬರೆದಿದ್ದೇನೆ. ಸೀರೆಯಲ್ಲೇ ದೋಷವಿದ್ದರೆ ಈ ಮಾತು ಅನ್ವಯಿಸುವುದಿಲ್ಲ ಎಂದೂ ಸೇರಿಸಿದ್ದೇನೆ.

ಮೊನ್ನೆ ಪರೀಕ್ಷೆಗೆಂದು ನನ್ನದೇ ಅಂಗಡಿಯಿಂದ, ಸೊಲ್ಲಾಪುರದಲ್ಲಿರುವ ಅಕ್ಕನ ಫೋನಿನಲ್ಲಿ ಒಂದು ಸೀರೆ ಆರ್ಡರ್ ಮಾಡಿಸಿದೆ. ಹಣ ಬಂತು, ಬಿಲ್ ಹೋಯಿತು, ಪಾರ್ಸೆಲ್ ನಾಲ್ಕನೆಯ ದಿನ ತಲುಪಿತು. ಮಳೆಯಲ್ಲಿ ಕವರಿನ ಒಂದು ಮೂಲೆ ಬಿಚ್ಚಿ ಮಲ್ ಚೀಲ ತೇವವಾಗಿತ್ತು, ಸೀರೆಗೆ ಏನೂ ಆಗಿರಲಿಲ್ಲ. ಇನ್ನು ಮುಂದೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಸೇರಿಸುತ್ತೇನೆ. ಅಕ್ಕ ಸೀರೆ ಬಿಡಿಸಿ ನೋಡುತ್ತಿದ್ದಾಗ ಪಕ್ಕದ ಮನೆಯವರು ಬಂದು, ಸೆರಗನ್ನು ತಿರುಗಿಸಿ, ಹೊಸ ಸೀರೆಗೆ ತೇಪೆ ಹಾಕಿ ಕಳಿಸಿದ್ದಾರಲ್ಲ ಎಂದರಂತೆ. ಮಗ್ಗದ ಸದ್ದು ಅಣ್ಣನವರೇ, ಆ ಗೆರೆಯ ಫೋಟೊವನ್ನು ನಾನು ಐದನೆಯದಾಗಿ ಹಾಕಿದ್ದೆ. ಈಗ ಮೂವತ್ತು ಪುಟಗಳಲ್ಲೂ ಎರಡನೆಯದಾಗಿ ತರುತ್ತಿದ್ದೇನೆ. ಇನ್ನು ಹನ್ನೊಂದು ಪುಟಗಳು ಬಾಕಿ ಇವೆ.